ಕೆಲಗೇರಿಯೋ, ಸತ್ತೂರೋ, ಕುಸುಗಲ್ ರಸ್ತೆಯೋ: ಹುಬ್ಬಳ್ಳಿ-ಧಾರವಾಡದ ಅಂಚಿನಲ್ಲಿ ಮನೆ ಕಟ್ಟುವವರಿಗೆ

ಹುಬ್ಬಳ್ಳಿ-ಧಾರವಾಡದ ಹೊರವಲಯದಲ್ಲಿ ಪ್ಲಾಟ್ ಹುಡುಕುವವರು ಲೆಕ್ಕ ಶುರು ಮಾಡುವುದು ಚದರಡಿ ದರದಿಂದ. ಚಿಗರಿ ಬಸ್ಸಿನ (ಎರಡೂ ಊರಿನ ನಡುವೆ ತನ್ನದೇ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸು) ರಸ್ತೆಗೆ ಹತ್ತಿರವಿದ್ದರೆ ತುಟ್ಟಿ, ಒಳಗೆ ಹೋದಷ್ಟೂ ಸೋವಿ. ಆದರೆ ಅದು ಪ್ಲಾಟಿನ ದರ, ಮನೆಯ ದರ ಬೇರೆ. ಸಣ್ಣ ಮನೆಗಳ ನಕ್ಷೆ, ಪಾಯಾ (ಅಡಿಪಾಯ), ಮೇಲುಸ್ತುವಾರಿಯ ಕೆಲಸದಲ್ಲಿರುವ ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟು: ಮೊದಲು ಮಣ್ಣು ನೋಡಿ, ಆಮೇಲೆ ಕಾಗದಪತ್ರ ನೋಡಿ, ಆಮೇಲೆ ಮನೆಯವರು ದಿನಾ ಎಲ್ಲಿಗೆ ಹೋಗಿ ಬರಬೇಕು ಎಂಬುದನ್ನು ನೋಡಿ. ಈ ಮೂರೂ ಕೂಡಿಬಂದ ಮೇಲೆ ದರದ ಮಾತಿಗೆ ಕೂಡಿ.

ಈ ಬರಹದಲ್ಲಿ ಮುಖ್ಯವಾಗಿ ಮೂರು ದಿಕ್ಕುಗಳನ್ನು ಹೋಲಿಸುತ್ತೇನೆ. ಒಂದು, ಧಾರವಾಡದ ಪಶ್ಚಿಮ: ಕೆಲಗೇರಿ, ಗೋವಾ ರಸ್ತೆ, ಚಿಕ್ಕಮಲ್ಲಿಗವಾಡದ ಕಡೆ. ಎರಡು, ಎರಡೂ ಊರಿನ ನಡುವಿನ ಪಟ್ಟಿ: ನವನಗರ, ರಾಯಾಪುರ, ಸತ್ತೂರು, ನವಲೂರು. ಮೂರು, ಹುಬ್ಬಳ್ಳಿಯ ಪೂರ್ವ: ಕೇಶ್ವಾಪುರ ದಾಟಿದ ಮೇಲಿನ ಕುಸುಗಲ್ ರಸ್ತೆ ಮತ್ತು ಗದಗ ರಸ್ತೆ. ಉಳಿದ ಕಡೆಗಳ ಬಗ್ಗೆ ಕೊನೆಗೆ ನಾಲ್ಕು ಮಾತು.

ನೆಲ ಎಲ್ಲಿ ಬದಲಾಗುತ್ತದೆ

ಅವಳಿ ನಗರ ಎಂದು ಒಂದೇ ಉಸಿರಿನಲ್ಲಿ ಕರೆದರೂ ಕೆಳಗಿನ ನೆಲ ಒಂದೇ ಅಲ್ಲ. ಧಾರವಾಡ ಮಲೆನಾಡಿನ ಸೆರಗು. ಅಲ್ಲಿ ಪಶ್ಚಿಮಕ್ಕೆ ಕೆಂಪು ಮಸಾರಿ ಮಣ್ಣು, ಅದರ ಕೆಳಗೆ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು. ಕೆಲಗೇರಿ ಕಡೆಯ ಆಪೂಸ್ ಮಾವಿನ ತೋಟಗಳಿಗೆ ಒಗ್ಗಿದ ಮಣ್ಣು ಅದೇ. ಹುಬ್ಬಳ್ಳಿ ದಾಟಿ ಕುಸುಗಲ್, ನವಲಗುಂದ, ಅಣ್ಣಿಗೇರಿಯ ದಾರಿ ಹಿಡಿದರೆ ಯರಿ, ಅಂದರೆ ಕಪ್ಪು ಮಣ್ಣಿನ ಭೂಮಿ: ಹತ್ತಿ, ಕಡಲೆ, ಬಿಳಿಜೋಳ ಬೆಳೆಯುವ ಬೆಳವಲ. ನಡುವಿನ ಪಟ್ಟಿ ಮಿಶ್ರ. ಒಂದು ಪ್ಲಾಟಿನಲ್ಲಿ ಮೂರಡಿಗೆ ಗಟ್ಟಿ ಗರಸು ಸಿಕ್ಕರೆ, ನಾಲ್ಕು ಪ್ಲಾಟು ಆಚೆ ತಗ್ಗಿನ ಜಾಗದಲ್ಲಿ ಏಳೆಂಟು ಅಡಿವರೆಗೂ ಕಪ್ಪು ಮಣ್ಣೇ ಇರಬಹುದು. ಹಾಗಾಗಿ ಬಡಾವಣೆಯ ಹೆಸರು ಕೇಳಿ ಮಣ್ಣು ಹೇಳಲು ಬರುವುದಿಲ್ಲ, ನಿಮ್ಮ ಪ್ಲಾಟಿನಲ್ಲೇ ತಗ್ಗು ತೋಡಿಸಬೇಕು.

ಯರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಪದರುಗಳ ನಡುವೆ ನೀರು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಏಪ್ರಿಲ್-ಮೇ ತಿಂಗಳಲ್ಲಿ ಯರಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಮಳೆ ಹಿಡಿದ ಮೇಲೆ ಎಲ್ಲ ಮುಚ್ಚಿಹೋಗುತ್ತದೆ. ಆ ಹೊಲದ ಮೇಲೆ ಮನೆ ನಿಂತಾಗ ನಡುಮನೆಯ ಕೆಳಗಿನ ಮಣ್ಣಿಗೆ ಮಳೆಯೂ ಬಿಸಿಲೂ ಅಷ್ಟಾಗಿ ತಾಗುವುದಿಲ್ಲ. ಹೊರಗಿನ ಗೋಡೆಗಳ ಕೆಳಗಿನ ಮಣ್ಣು ಮಾತ್ರ ಪ್ರತಿ ವರ್ಷ ಏರಿಳಿಯುತ್ತದೆ. ಕಿಟಕಿ-ಬಾಗಿಲಿನ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುವುದು, ಮಳೆಗಾಲದಲ್ಲಿ ಬಾಗಿಲು ಸಿಕ್ಕಿಕೊಳ್ಳುವುದು, ಫರಸಿ ಮೇಲೇಳುವುದು, ಕಂಪೌಂಡ್ ಗೋಡೆ ವಾಲುವುದು ಎಲ್ಲವೂ ಇದರ ಫಲ. ಪುಟ್ಟಿ ತುಂಬಿ ಬಣ್ಣ ಹೊಡೆಸಿದರೆ ಮರುವರ್ಷ ಅದೇ ಜಾಗದಲ್ಲಿ ಮತ್ತೆ ಬಿರುಕು.

ಇದನ್ನು ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಅಳತೆಯ ಗಾಜಿನ ಕೊಳವೆಯಲ್ಲಿ ನೀರಿನೊಳಗೆ, ಇನ್ನೂ 10 ಗ್ರಾಂ ಮಣ್ಣನ್ನು ಮತ್ತೊಂದು ಕೊಳವೆಯಲ್ಲಿ ಸೀಮೆಎಣ್ಣೆಯೊಳಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವನ್ನು ಶೇಕಡಾವಾರು ಹೇಳುವುದೇ ಮುಕ್ತ ಉಬ್ಬು ಸೂಚ್ಯಂಕ. ಭಾರತೀಯ ಮಾನಕದ ಪ್ರಕಾರ 50ಕ್ಕಿಂತ ಕಡಿಮೆ ಇದ್ದರೆ ಚಿಂತೆ ಕಡಿಮೆ, 50ರಿಂದ 100 ಮಧ್ಯಮ, 100 ದಾಟಿದರೆ ಹೆಚ್ಚು, 200 ದಾಟಿದರೆ ಅತಿ ಹೆಚ್ಚು. ಈ ಪರೀಕ್ಷೆಯನ್ನೂ ಮಣ್ಣಿನ ಭಾರ ಹೊರುವ ಶಕ್ತಿಯ ಪರೀಕ್ಷೆಯನ್ನೂ ಸಿವಿಲ್ ಇಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಮಾಡಿಸಬಹುದು. ಮನೆಗೆ ಸುರಿಯುವ ಹಣದ ಮುಂದೆ ಇದರ ಶುಲ್ಕ ಏನೇನೂ ಅಲ್ಲ, ಆದರೂ ಬಹಳ ಜನ ಇದನ್ನೇ ಬಿಡುತ್ತಾರೆ.

"ಏನೂ ಆಗಂಗಿಲ್ರಿ ಸಾಹೇಬ್ರ, ನಾಕ ಫೂಟ್ ತಗದು ಕಲ್ಲ ತುಂಬಿದ್ರ ಸಾಕು" ಎಂದು ಗೌಂಡಿ ಹೇಳುತ್ತಾನೆ. ಮಸಾರಿಯಲ್ಲಿ, ಗಟ್ಟಿ ಗರಸಿನ ಮೇಲೆ ಅವನ ಮಾತು ನಡೆಯುತ್ತದೆ. ಆಳವಾದ ಯರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಋತುಮಾನಕ್ಕೆ ತಕ್ಕಂತೆ ಉಬ್ಬಿ ಕುಗ್ಗುವ ಪದರು ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರಬಹುದು. ನಾಲ್ಕಡಿಯ ಪಾಯಾ ಅಂದರೆ ಓಡಾಡುವ ಮಣ್ಣಿನ ನಡುವೆಯೇ ಕುಳಿತ ಪಾಯಾ.

ಸರಿಯಾದ ದಾರಿ ಎರಡಿವೆ. ಯರಿ ಪದರು ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು, ಕೆಳಗಿನ ಗರಸಿನ ಮೇಲೆ ಕಾಲಮ್ಮಿನ ಪಾಯಾ ಕೂಡಿಸಬೇಕು. ತಗ್ಗನ್ನು ತಿರುಗಿ ಅದೇ ಕಪ್ಪು ಮಣ್ಣಿನಿಂದ ಮುಚ್ಚದೆ, ಉಬ್ಬದ ಗರಸು ಮಣ್ಣನ್ನು ಪದರು ಪದರಾಗಿ ಹಾಕಿ ದಮ್ಮಸ್ಸು ಮಾಡಿಸಬೇಕು. ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಪದರು ಕೆಳಗಿನ ಯರಿಯ ಉಬ್ಬನ್ನು ಹತ್ತಿಕ್ಕುತ್ತದೆ ಎಂಬುದನ್ನು ಮುಂಬೈ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ತೋರಿಸಿಕೊಟ್ಟರು. ನಮ್ಮ ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಆ ಪದ್ಧತಿ ಬಳಕೆಯಾಗಿದೆ. ಯರಿ ಆಳವಾಗಿದ್ದರೆ ಎರಡನೆಯ ದಾರಿ, ಅಂಡರ್ ರೀಮ್ ಪೈಲ್. ಮೂರೂವರೆ ಮೀಟರಿಗಿಂತ ಕೆಳಗೆ ಇಳಿಯುವ ಕಾಂಕ್ರೀಟ್ ಕಂಬ, ಅದರ ಬುಡದ ಹತ್ತಿರ ಕಂಬದ ಎರಡೂವರೆ ಪಟ್ಟು ಅಗಲದ ಉಬ್ಬು. 300 ಮಿಲಿಮೀಟರ್ ಕಂಬಕ್ಕೆ 750 ಮಿಲಿಮೀಟರ್ ಉಬ್ಬು. ಅದು ಅಲುಗದ ಪದರಿನಲ್ಲಿ ಕಚ್ಚಿ ಕೂತು ಮೇಲಿನ ಮಣ್ಣು ಎತ್ತಿದರೂ ಏಳದಂತೆ ಹಿಡಿಯುತ್ತದೆ. ಕಂಬಗಳ ತಲೆ ಕಟ್ಟುವ ಪ್ಲಿಂತ್ ಬೀಮಿನ (ಮನೆಯ ನೆಲದ ಮಟ್ಟದ ಅಡ್ಡತೊಲೆ) ಕೆಳಗೆ ಮೂರ್ನಾಲ್ಕು ಇಂಚು ಖಾಲಿ ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ.

ಈಗ ದರಕ್ಕೆ ಬರೋಣ. 30x40 ಪ್ಲಾಟ್ ಎಂದರೆ 1200 ಚದರಡಿ, ಒಂದು ಗುಂಟೆಗಿಂತ (1089 ಚದರಡಿ) ಸ್ವಲ್ಪ ಹೆಚ್ಚು. ಯರಿಯ ಪ್ಲಾಟ್ ಚದರಡಿಗೆ 300 ರೂಪಾಯಿ ಕಡಿಮೆ ಸಿಕ್ಕಿತು ಎಂದುಕೊಳ್ಳಿ, ಉಳಿದದ್ದು 3,60,000 ರೂಪಾಯಿ. ಎರಡೂ ಪ್ಲಾಟಿನ ಮಣ್ಣಿನ ವರದಿ ಕೊಟ್ಟು, ಪ್ಲಿಂತ್ ಮಟ್ಟದವರೆಗಿನ ಖರ್ಚು ಎಷ್ಟಾಗುತ್ತದೆ ಎಂದು ಇಂಜಿನಿಯರನ್ನು ಕೇಳಿ. ಆ ವ್ಯತ್ಯಾಸ 3,60,000ಕ್ಕಿಂತ ಕಡಿಮೆ ಬಂದರೆ ಯರಿಯ ಪ್ಲಾಟು ನಿಜಕ್ಕೂ ಸೋವಿ. ಹೆಚ್ಚು ಬಂದರೆ ಸೋವಿ ಎಂದು ಕೊಂಡದ್ದೇ ತುಟ್ಟಿ. ಜಾಗದ ದರ ಮತ್ತು ಪ್ಲಿಂತ್‌ವರೆಗಿನ ಖರ್ಚು ಕೂಡಿಸಿ ಹೋಲಿಸಿದರೆ ಮಾತ್ರ ಎರಡು ಪ್ಲಾಟುಗಳನ್ನು ಹೋಲಿಸಿದಂತಾಗುತ್ತದೆ.

ಇಷ್ಟು ಹೇಳಿದ ಮೇಲೂ ಕುಸುಗಲ್ ರಸ್ತೆ, ಗದಗ ರಸ್ತೆಯ ಕಡೆ ಮನೆ ಕಟ್ಟಬೇಡಿ ಎನ್ನುವುದಿಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಗದಗ ರಸ್ತೆಯಲ್ಲಿದೆ. ಅಲ್ಲಿ, ವರ್ಕ್‌ಶಾಪಿನಲ್ಲಿ, ನಿಲ್ದಾಣದಲ್ಲಿ ದುಡಿಯುವವರಿಗೆ, ಪಾಳಿ ಮುಗಿಸಿ ರಾತ್ರಿ ಮನೆ ಸೇರುವವರಿಗೆ ಈ ಭಾಗದಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಪಾಯಾ ಸರಿ ಇದ್ದರೆ ಯರಿಯ ಮೇಲಿನ ಮನೆಯೂ ತಲೆಮಾರು ಬಾಳುತ್ತದೆ. ಮನೆ ಸುತ್ತ ಐದಾರು ಅಡಿ ಅಗಲದ, ಹೊರಗೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಕಿಸಿ. ಗೋಡೆಗೆ ತಾಗಿ ಹೂದೋಟ ಮಾಡಿ ದಿನಾ ನೀರು ಬಿಡಬೇಡಿ. ಬೇವು, ಹೊಂಗೆಯಂಥ ದೊಡ್ಡ ಮರಗಳನ್ನು ಅವು ಬೆಳೆಯುವ ಎತ್ತರದಷ್ಟಾದರೂ ದೂರ ಇಡಿ, ಬೇರು ಮಣ್ಣಿನ ನೀರು ಹೀರಿದಾಗಲೂ ನೆಲ ಕುಗ್ಗುತ್ತದೆ.

ನಡುವಿನ ಪಟ್ಟಿ

ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡದವರೆಗಿನ ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್ ಮಾರ್ಗದಲ್ಲಿ ಚಿಗರಿ ಬಸ್ಸುಗಳ ಓಡಾಟ ಶುರುವಾದದ್ದು 2018ರಲ್ಲಿ, ವಿಧಿವತ್ತಾಗಿ ಉದ್ಘಾಟನೆ ಆದದ್ದು 2020ರ ಫೆಬ್ರವರಿಯಲ್ಲಿ. ಅಲ್ಲಿಂದೀಚೆಗೆ ನವನಗರದಿಂದ ನವಲೂರಿನವರೆಗಿನ ಜಾಗಕ್ಕೆ ಬೇರೆಯೇ ಬೆಲೆ ಬಂತು. ಪೇರಲಕ್ಕೆ ಹೆಸರಾದ ನವಲೂರಿನಲ್ಲಿ ತೋಟಗಳಿದ್ದ ಕಡೆ ಈಗ ಪ್ಲಾಟಿನ ಕಲ್ಲು ನೆಟ್ಟಿದ್ದಾರೆ, ಆ ಹಣ್ಣು ತಿಂದು ಬೆಳೆದವರಿಗೆ ಅದು ನೋವಿನ ಸಂಗತಿಯೇ.

ಮನೆಯ ಒಬ್ಬರು ಹುಬ್ಬಳ್ಳಿಯ ಬ್ಯಾಂಕಿನಲ್ಲಿ, ಇನ್ನೊಬ್ಬರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಇದ್ದರೆ ನನ್ನ ಉತ್ತರ ಒಂದೇ: ಹೆಚ್ಚು ಹಣ ಹೋದರೂ, ಪ್ಲಾಟು ಚಿಕ್ಕದಾದರೂ ಈ ಪಟ್ಟಿಯಲ್ಲೇ ತೆಗೆದುಕೊಳ್ಳಿ. ಕಾಲೇಜಿಗೆ ಹೋಗುವ ಮಕ್ಕಳಿಗೆ ಗಾಡಿ ಕೊಡಿಸದೆ ನಡೆಯುತ್ತದೆ. ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ), ಎರಡೂ ಒಂದೇ ರಸ್ತೆಯ ಮೇಲೆ. ವಯಸ್ಸಾದ ತಂದೆ-ತಾಯಿ ಜೊತೆಗಿದ್ದರೆ ಇದು ದೊಡ್ಡ ಮಾತು. ಹುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿ, ವಿದ್ಯುತ್ ಕೊಡುವ ಹೆಸ್ಕಾಂನ ಕೇಂದ್ರ ಕಚೇರಿ ನವನಗರದಲ್ಲಿವೆ, ಮನೆ ಕಟ್ಟುವ ಕಾಲದಲ್ಲಿ ಎರಡೂ ಬೇಕಾಗುತ್ತವೆ.

ಆದರೆ "ಬಿಆರ್‌ಟಿಎಸ್‌ನಿಂದ ಎರಡೇ ನಿಮಿಷ" ಎಂದು ಮಾರುವವರು ಹೇಳಿದರೆ ಅದು ಕಾರಿನ ಎರಡು ನಿಮಿಷ. ನೀವು ಪ್ಲಾಟಿನಿಂದ ಬಸ್ ನಿಲ್ದಾಣದವರೆಗೆ ನಡೆದು ನೋಡಿ. ಕತ್ತಲಾದ ಮೇಲೂ ಒಮ್ಮೆ ನಡೆಯಿರಿ. ಬೀದಿ ದೀಪ ಇದೆಯೇ, ನಾಯಿಗಳ ಕಾಟ ಹೇಗಿದೆ, ಟ್ಯೂಷನ್ನಿನಿಂದ ಬರುವ ಹುಡುಗಿ ಒಬ್ಬಳೇ ಬರಬಹುದೇ ಎಂಬುದು ಆಗ ಗೊತ್ತಾಗುತ್ತದೆ. ನಿಲ್ದಾಣದಿಂದ ಕಾಲ್ನಡಿಗೆಯಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚಾದರೆ ದಿನಾ ಗಾಡಿಯನ್ನೋ ಟಂಟಂ ಅನ್ನೋ ನೆಚ್ಚಿಕೊಳ್ಳಬೇಕು. ಅಂಥ ಪ್ಲಾಟಿಗೆ ಬಿಆರ್‌ಟಿಎಸ್ ಪಕ್ಕದ ದರ ಕೊಡಬೇಕಾದ್ದಿಲ್ಲ.

ಈ ಪಟ್ಟಿಯ ಇನ್ನೊಂದು ತೊಡಕು ತಗ್ಗು ಜಾಗ. ಮೇಲಿಂದ ನೋಡಿದರೆ ಸಮತಟ್ಟಾಗಿ ಕಾಣುವ ಹೊಲದ ನಡುವೆ ಹಳ್ಳ ಹರಿದ ಗುರುತು ಇರುತ್ತದೆ, ಬಡಾವಣೆ ಮಾಡುವಾಗ ಮಣ್ಣು ತುಂಬಿ ಮುಚ್ಚಿರುತ್ತಾರೆ. ಉಣಕಲ್ ಕೆರೆ ಕೋಡಿ ಬಿದ್ದಾಗ ನಾಲಾದ ಅಕ್ಕಪಕ್ಕದ ಮನೆಗಳಿಗೆ ನೀರು ನುಗ್ಗಿದ್ದನ್ನು 2019ರ ಆಗಸ್ಟ್ ಮಳೆಯಲ್ಲಿ ಊರೇ ಕಂಡಿದೆ. ನಾಲಾ ಹರಿಯುವುದು ಊರ ನಡುವೆ, ಹೊರಗಿನ ಹಳ್ಳಗಳಿಗೂ ಅದೇ ನಿಯಮ. ಹಳೆಯ ಸರ್ವೆ ನಕ್ಷೆಯಲ್ಲಿ ಹಳ್ಳದ ಗೆರೆ ನೋಡಿ, ಪಕ್ಕದ ಹೊಲದ ರೈತನನ್ನು ಕೇಳಿ. ಯಾವ ಮಳೆಗೆ ನೀರು ಎಲ್ಲಿವರೆಗೆ ಬಂದಿತ್ತು ಎಂಬುದು ಅವನಿಗೆ ಗೊತ್ತಿರುತ್ತದೆ. ತುಂಬಿದ ಮಣ್ಣಿನ ಮೇಲಿನ ಪ್ಲಾಟು ಯರಿಗಿಂತ ಕಷ್ಟ, ಯಾಕೆಂದರೆ ಅದು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ.

ಪಶ್ಚಿಮಕ್ಕೆ, ಮಾವಿನ ಕಡೆಗೆ

ಮಣ್ಣಿನ ಲೆಕ್ಕದಲ್ಲಿ ಕೆಲಗೇರಿ ಭಾಗ ಮೂರರಲ್ಲಿ ಉತ್ತಮ. ಗರಸು ಬೇಗ ಸಿಗುತ್ತದೆ, ಪಾಯಾ ಸಲೀಸು, ಮಳೆನೀರು ಇಂಗುತ್ತದೆ. ಹವೆಯೂ ಹುಬ್ಬಳ್ಳಿಗಿಂತ ತಂಪು. ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಕೆಲಸ ಇರುವವರಿಗೆ, ನಿವೃತ್ತರಿಗೆ, ಮಕ್ಕಳನ್ನು ಧಾರವಾಡದಲ್ಲೇ ಓದಿಸುವವರಿಗೆ ಇದು ಹಿತವಾದ ಜಾಗ. ಧಾರವಾಡದ ಜಿಟಿಜಿಟಿ ಮಳೆಯೊಳಗೆ ಬೆಳೆದವರಿಗಂತೂ ಬೇರೆ ಕಡೆ ಮನಸ್ಸೇ ಹೋಗುವುದಿಲ್ಲ, ಆ ಪ್ರೀತಿ ನನಗೂ ಇದೆ.

ಚಿಕ್ಕಮಲ್ಲಿಗವಾಡದಲ್ಲಿ ಐಐಟಿಯ ಕಾಯಂ ಆವರಣ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ "ಐಐಟಿ ಹತ್ತಿರ" ಎಂಬುದು ಪ್ಲಾಟು ಮಾರುವವರ ಬಾಯಿಪಾಠ ಆಗಿದೆ. ತಡಸಿನಕೊಪ್ಪದ ಐಐಐಟಿ ಸುತ್ತಲೂ ಇದೇ ಮಾತು. ಇಂಥ ಸಂಸ್ಥೆಗಳ ವಿದ್ಯಾರ್ಥಿಗಳು ಬಹುತೇಕ ಆವರಣದ ಹಾಸ್ಟೆಲ್‌ಗಳಲ್ಲೇ ಇರುತ್ತಾರೆ. ಬಾಡಿಗೆ ಬಂದೀತೆಂದು ಲೆಕ್ಕ ಹಾಕಿ ಎರಡು ಮಹಡಿಗೆ ಸಾಲ ಮಾಡುವವರು ಇದನ್ನು ಯೋಚಿಸಬೇಕು. ಕಿರಾಣಿ ಅಂಗಡಿ, ಹಾಲು, ಔಷಧಿ, ಶಾಲೆಯ ಬಸ್ಸು ಈಗ ಎಲ್ಲಿವರೆಗೆ ಬರುತ್ತವೆ ಎಂದು ಕೇಳಿ. ಮುಂದೆ ಬರುತ್ತವೆ ಎಂಬ ಮಾತಿಗೆ ಈಗಿನ ಹಣ ಕೊಡಬೇಡಿ.

ಬೈಪಾಸ್ ಬಗ್ಗೆ ಒತ್ತಿ ಹೇಳಬೇಕು. ಹುಬ್ಬಳ್ಳಿಯ ಗಬ್ಬೂರಿನಿಂದ ಧಾರವಾಡದ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್ ಬೈಪಾಸ್ ಎರಡು ದಶಕ ಎರಡೇ ಪಥದ್ದಾಗಿತ್ತು, ಅದರ ಎರಡೂ ತುದಿಗೆ ನಾಲ್ಕು ಪಥದ ಹೆದ್ದಾರಿ. ಆ ಇಕ್ಕಟ್ಟಿನಲ್ಲಿ ಆದ ಅಪಘಾತಗಳಿಗೆ ಲೆಕ್ಕವಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ತೀರಿಕೊಂಡ ನೋವು ಈ ಭಾಗದವರು ಮರೆತಿಲ್ಲ. ಈಗ ಅದನ್ನು ಆರು ಪಥಕ್ಕೆ ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ನಿಮ್ಮ ಪ್ಲಾಟು ಬೈಪಾಸಿನ ಆಚೆ ಇದ್ದರೆ, ಊರಿಗೆ ಬರಲು ಅದನ್ನು ಎಲ್ಲಿ ದಾಟುತ್ತೀರಿ ಎಂಬುದು ಮೊದಲ ಪ್ರಶ್ನೆ. ಕೆಳಸೇತುವೆ ಇದೆಯೇ, ಸರ್ವೀಸ್ ರಸ್ತೆ ನಿಮ್ಮ ಬಡಾವಣೆಗೆ ಕೂಡುತ್ತದೆಯೇ, ಇಲ್ಲವಾದರೆ ಎಷ್ಟು ದೂರ ಸುತ್ತಬೇಕು? ಬರೀ ನಕ್ಷೆಯಲ್ಲಿ ನೋಡಿದರೆ ಸಾಲದು, ಶಾಲೆ ಬಿಡುವ ಹೊತ್ತಿಗೆ ಹೋಗಿ ದಾಟಿ ನೋಡಿ. ರಾಷ್ಟ್ರೀಯ ಹೆದ್ದಾರಿಯ ಮಧ್ಯಗೆರೆಯಿಂದ ಸಾಮಾನ್ಯವಾಗಿ 40 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ ಎಂಬುದೂ ನೆನಪಿರಲಿ.

ಮಳೆಯ ಗಾಳಿ ಪಶ್ಚಿಮದಿಂದ ಹೊಡೆಯುವುದರಿಂದ ಈ ಭಾಗದ ಮನೆಗಳ ಪಶ್ಚಿಮದ ಗೋಡೆಗೆ ಒಳ್ಳೆ ಗಿಲಾವು, ಕಿಟಕಿಗೆ ಅಗಲವಾದ ಸಜ್ಜಾ ಬೇಕು. ಕುಸುಗಲ್ ರಸ್ತೆಗೆ ಮಾಡಿದ ನಕ್ಷೆಯನ್ನೇ ಇಲ್ಲಿ ಕಟ್ಟಿಸಿದರೆ ಶ್ರಾವಣದೊಳಗೆ ಗೋಡೆ ಬೂಸ್ಟು ಹಿಡಿಯುತ್ತದೆ.

ನಳದ ನೀರು, ಬೋರಿನ ನೀರು, ಗಟಾರದ ನೀರು

ಅವಳಿ ನಗರಕ್ಕೆ ಮುಖ್ಯ ನೀರು ಮಲಪ್ರಭಾದ್ದು, ಸವದತ್ತಿಯ ರೇಣುಕಾಸಾಗರದಿಂದ ಬರುತ್ತದೆ. ನೀರಸಾಗರ ಕೆರೆಯ ನೀರು ಹುಬ್ಬಳ್ಳಿಯ ಕೆಲ ಭಾಗಕ್ಕೆ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೆಲವು ಬಡಾವಣೆಗಳಲ್ಲಿ ದಿನದ 24 ತಾಸೂ ನೀರು ಕೊಟ್ಟು ತೋರಿಸಿದ ಊರು ನಮ್ಮದು. ಉಳಿದ ಕಡೆ ಅದನ್ನು ವಿಸ್ತರಿಸುವ ಕೆಲಸ ನಡೆಯುತ್ತಲೇ ಇದೆ. ಅಂಚಿನ ಬಡಾವಣೆಯಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾರುವವನನ್ನು ಕೇಳಬೇಡಿ, ಆಗಲೇ ಮನೆ ಕಟ್ಟಿಕೊಂಡು ಇರುವ ತಾಯಂದಿರನ್ನು ಕೇಳಿ. "ಅಕ್ಕಾರ, ನಳಾ ಯಾವಾಗ ಬಂದಿತ್ರಿ?" ಎಂದರೆ ಸಾಕು, ವಾರದ ವಾರ ಲೆಕ್ಕ ಸಿಗುತ್ತದೆ.

ಆ ಉತ್ತರದ ಮೇಲೆ ಸಂಪಿನ ಗಾತ್ರ ನಿಂತಿದೆ. ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ಐದು ಜನರ ಮನೆಗೆ ದಿನಕ್ಕೆ 675 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬಂದರೆ 5400 ಲೀಟರ್ ಬೇಕು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಸಂಪು 6000 ಲೀಟರ್ ಹಿಡಿಯುತ್ತದೆ. ಯರಿಯಲ್ಲಿ ಸಂಪನ್ನು ಇಟ್ಟಿಗೆಯಲ್ಲಿ ಕಟ್ಟಿಸಬೇಡಿ, ಕಬ್ಬಿಣ ಹಾಕಿದ ಕಾಂಕ್ರೀಟಿನದೇ ಆಗಲಿ, ಪಾಯಾದಿಂದ ದೂರವೂ ಇರಲಿ. ಸಂಪು ಬಿರುಕು ಬಿಟ್ಟು ಸೋರಿದರೆ ಆ ನೀರು ಪಾಯಾದ ಮಣ್ಣನ್ನು ಉಬ್ಬಿಸುತ್ತದೆ.

ಬೋರಿನ ಭರವಸೆಯೂ ದಿಕ್ಕಿನಿಂದ ದಿಕ್ಕಿಗೆ ಬೇರೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದಂತೆ ನೀರು ಸವಳು. ಬಳಸಲು ಬಂದರೂ ಕುಡಿಯಲು, ಬೇಳೆ ಬೇಯಿಸಲು ಬಾರದು. ಹಾಗಾಗಿ ಮಳೆನೀರು ಬಿಡಬಾರದು. ಸಾವಿರ ಚದರಡಿ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ, ಐದರಲ್ಲಿ ಒಂದು ಪಾಲು ಪೋಲಾದರೂ 50 ಸಾವಿರ ಲೀಟರ್ ಮೇಲೆ ಕೈಗೆ ಸಿಗುತ್ತದೆ.

ಒಳಚರಂಡಿ ಜೋಡಣೆ ಇಲ್ಲದ ಬಡಾವಣೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಯೇ ಗತಿ. ಮಸಾರಿಯಲ್ಲಿ ಇಂಗುಗುಂಡಿ ಕೆಲಸ ಮಾಡುತ್ತದೆ. ಯರಿಯಲ್ಲಿ ನೀರು ಇಂಗುವುದು ತೀರಾ ನಿಧಾನ, ಮಳೆಗಾಲದಲ್ಲಿ ಗುಂಡಿ ತುಂಬಿ ಅಂಗಳಕ್ಕೆ ಬರುತ್ತದೆ. ಕುಸುಗಲ್ ರಸ್ತೆ, ಗದಗ ರಸ್ತೆಯ ಕಡೆ ಒಳಚರಂಡಿ ಕೊಳವೆ ಬಂದಿರುವ ಬಡಾವಣೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎನ್ನುವುದು ಇದಕ್ಕೇ.

ಕಾಗದಪತ್ರ

ಎಂಥ ಮಣ್ಣಾದರೂ ಪಾಯಾದಿಂದ ಪರಿಹಾರ ಇದೆ. ಕೆಟ್ಟ ಕಾಗದಕ್ಕೆ ಇಲ್ಲ. ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವ ಗುಂಟೆ ಪ್ಲಾಟುಗಳಿಂದ ದೂರ ಇರಿ. ಬಿನ್‌ಶೇತ್ಕಿ ಆಗಿದೆ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಎನ್‌ಎ ಆದೇಶ ಇದೆ ಎಂದಮಾತ್ರಕ್ಕೆ ಬಡಾವಣೆಗೆ ಒಪ್ಪಿಗೆ ಸಿಕ್ಕಿದೆ ಎಂದಾಗುವುದಿಲ್ಲ. ಎರಡೂ ಬೇರೆ ಕಾಗದ, ಎರಡೂ ಬೇಕು. ಹುಡಾ ಒಪ್ಪಿದ ನಕ್ಷೆಯಲ್ಲಿ ನಿಮ್ಮ ಪ್ಲಾಟಿನ ನಂಬರ್ ಇರಬೇಕು, ಉದ್ಯಾನ ಎಂದು ತೋರಿಸಿದ ಜಾಗ ನಿಮ್ಮ ಪ್ಲಾಟಾಗಿ ಬಂದಿರಬಾರದು. 500 ಚದರ ಮೀಟರಿಗಿಂತ ದೊಡ್ಡ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ, ನಂಬರ್ ಕೇಳಿ ಜಾಲತಾಣದಲ್ಲಿ ತೆಗೆದು ನೋಡಿ.

ಪಂಚಾಯ್ತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಗಣಕೀಕೃತ ದಾಖಲೆ) ನಮೂನೆ 9 ಮತ್ತು 11ಎ ಇರಲಿ. 11ಬಿ ಎಂದರೆ ಒಪ್ಪಿಗೆಯಿಲ್ಲದ ಆಸ್ತಿ ಎಂದೇ ಅರ್ಥ. ನಗರದಲ್ಲಿ 2025ರಲ್ಲಿ ಒಪ್ಪಿಗೆಯಿಲ್ಲದ ಬಡಾವಣೆಯ ಆಸ್ತಿಗಳಿಗೆ ಶುರುವಾದ ಬಿ ಖಾತಾದ ಕಥೆಯೂ ಅಷ್ಟೇ: ತೆರಿಗೆ ಕಟ್ಟಲು ದಾರಿ ಆಯಿತು, ಬಡಾವಣೆ ಸಕ್ರಮ ಆಗಲಿಲ್ಲ. "ಮುಂದೆ ಅಕ್ರಮ-ಸಕ್ರಮದಾಗ ಆಗ್ತದ್ರಿ" ಎಂಬ ಮಾತು ಕೇಳಿ ಕೇಳಿ ವರ್ಷಗಳಾದವು. ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಈ ಭಾಗದ ಹೊಲಗಳೆಲ್ಲ ಕೂಡು ಕುಟುಂಬದವು. ಉತಾರದಲ್ಲಿ (ಪಹಣಿಯಲ್ಲಿ) ಅಣ್ಣತಮ್ಮಂದಿರ ಹೆಸರಷ್ಟೇ ಇದ್ದು ವಾಟ್ನಿ (ಪಾಲು) ಆಗಿದೆ ಎಂದು ತೋರಿಸುತ್ತಾರೆ. 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಸಹಿ ಎಲ್ಲಿ ಎಂದು ವಕೀಲರ ಕೈಲಿ ಕೇಳಿಸಿ. ಋಣಭಾರ ಪತ್ರ ಎಷ್ಟು ಹಿಂದಿನದು ಸಿಗುತ್ತದೋ ಅಷ್ಟೂ ತೆಗೆಸಿ. ರಾಷ್ಟ್ರೀಕೃತ ಬ್ಯಾಂಕು ಅದೇ ಬಡಾವಣೆಯಲ್ಲಿ ಸಾಲ ಕೊಟ್ಟಿದೆಯೇ ಎಂದು ವಿಚಾರಿಸಿದರೆ ಅರ್ಧ ಉತ್ತರ ಸಿಗುತ್ತದೆ, ಆದರೆ ಅರ್ಧ ಮಾತ್ರ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ನಡುವಿನ ಪಟ್ಟಿಯವರು ತಮ್ಮ ಖಾತೆ, ತೆರಿಗೆ, ಕಟ್ಟಡ ಪರವಾನಗಿ ಯಾವ ಕಡೆಗೆ ಬೀಳುತ್ತದೆ ಎಂದು ವಲಯ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಉಳಿದ ದಿಕ್ಕುಗಳು

ಬೇಲೂರು, ಮುಮ್ಮಿಗಟ್ಟಿ, ನರೇಂದ್ರದ ಕಡೆ ಹೈಕೋರ್ಟ್ ಪೀಠ ಮತ್ತು ಕಾರ್ಖಾನೆಗಳಿವೆ. ಅಲ್ಲೇ ಕೆಲಸ ಇರುವ ವಕೀಲರಿಗೆ, ಕಾರ್ಮಿಕರಿಗೆ ಸರಿ, ಉಳಿದವರಿಗೆ ದೂರ. ತಾರಿಹಾಳ, ಗಾಮನಗಟ್ಟಿ ಕೈಗಾರಿಕಾ ಪ್ರದೇಶದ ನೆರೆ. ಪ್ಲಾಟು ಕಾರ್ಖಾನೆಯ ಗಾಳಿಯ ದಾರಿಯಲ್ಲಿದೆಯೇ ಎಂದು ಜೂನ್-ಜುಲೈಯಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ನೋಡಿ. ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣದಿಂದಾಗಿ ಕಟ್ಟಡದ ಎತ್ತರಕ್ಕೆ ಮಿತಿ ಇದೆ. ಮುಂದೆ ಮಹಡಿ ಏರಿಸುವ ಯೋಚನೆ ಇದ್ದವರು ಮೊದಲೇ ವಿಚಾರಿಸಲಿ.

ಯಾವ ದಿಕ್ಕು ಹಿಡಿದರೂ ಇಂಜಿನಿಯರ್ ಇಲ್ಲದೆ, ಗುತ್ತಿಗೆದಾರನ ಅಂದಾಜಿನ ಮೇಲೆ ಕಟ್ಟಬೇಡಿ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದು ದೊಡ್ಡ ಕಟ್ಟಡ, ನಮ್ಮದು ಸಣ್ಣ ಮನೆ ಎಂದು ಸಮಾಧಾನ ಮಾಡಿಕೊಳ್ಳುವ ವಿಷಯ ಇದಲ್ಲ.

ಆಯ್ಕೆ ಎರಡು ಪ್ಲಾಟಿಗೆ ಬಂದು ನಿಂತಾಗ ಹೀಗೆ ಮಾಡಿ. ಸಂಚಕಾರ (ಮುಂಗಡ) ಕೊಡುವ ಮುಂಚೆ ಎರಡರಲ್ಲೂ ಎಂಟು-ಹತ್ತು ಅಡಿ ತಗ್ಗು ತೋಡಿಸಲು ಮಾಲೀಕರನ್ನು ಕೇಳಿ, ಮಣ್ಣು ಪರೀಕ್ಷೆಗೆ ಕೊಡಿ. ಸಂಚಕಾರ ಪತ್ರದಲ್ಲಿ ಎರಡು ಮಾತು ಬರೆಸಿ: ಬಡಾವಣೆ ಒಪ್ಪಿಗೆಯ ಮೂಲಪ್ರತಿ ಇಷ್ಟು ದಿನದೊಳಗೆ ತೋರಿಸಬೇಕು, ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಪೂರ್ತಿ ವಾಪಸು ಕೊಡಬೇಕು. ಪ್ಲಾಟಿನ ನಾಲ್ಕೂ ಮೂಲೆಯ ಕಲ್ಲನ್ನು ಸರ್ವೆಯವರಿಂದ ಅಳೆಸಿ, ಅಕ್ಕಪಕ್ಕದವರ ಎದುರಿಗೇ ನೆಡಿಸಿ. ಇವಕ್ಕೆ ಒಪ್ಪದ ಮಾಲೀಕ ಎಷ್ಟೇ ದರ ಇಳಿಸಿದರೂ ಆ ಪ್ಲಾಟು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ.